ಪಡಸಾಲೆಯಲ್ಲಿ ಪೂಜ್ಯ

ನಮ್ಮ ಮನೆಯಲ್ಲಿ ಯಾವುದೂ ಮುಗಿಯುತ್ತಿರಲಿಲ್ಲ, ಎಲ್ಲವೂ ಹೆಚ್ಚುತ್ತಿತ್ತು. ಡಬ್ಬಿಯ ತಳ ಕಂಡ ದಿನ ಅವ್ವ "ಎಣ್ಣಿ ಹೆಚ್ಚೇತಿ" ಅನ್ನುತ್ತಿದ್ದಳು. ಉಪ್ಪು ತೀರಿದರೆ ಉಪ್ಪು ಹೆಚ್ಚುತ್ತಿತ್ತು, ಬಳೆ ಒಡೆದರೆ ಬಳೆ ಹೆಚ್ಚುತ್ತಿತ್ತು. ಮಲಗುವಾಗ ದೀಪ ಆರಿಸುವಂತಿರಲಿಲ್ಲ, "ದೊಡ್ಡದು" ಮಾಡಬೇಕಿತ್ತು. ಹೊರಟವರು ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನಬೇಕಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಜೋಳ ಅಳೆಯಲು ಕೂತರೆ ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ. ಲಾಭ, ಎರಡು, ಮೂರು ಎಂದು ಎಣಿಸುತ್ತಿದ್ದಳು. 'ಇಲ್ಲ' ಎಂಬ ಮಾತು ಬಾಯಿಂದ ಬಿದ್ದರೆ ಅದು ಮನೆಯಲ್ಲೇ ಠಿಕಾಣಿ ಹೂಡುತ್ತದೆ ಎಂದು ನಂಬಿದ ಇಬ್ಬರು ಹೆಂಗಸರ ನಡುವೆ ನಾನು ಮಾತು ಕಲಿತವಳು. ನನ್ನ ಬೆನ್ನಿಗೆ ಹುಟ್ಟಿದ ತಮ್ಮ ಹೆಸರಿಡುವ ಮೊದಲೇ ಸತ್ತ. ಸತ್ತ ಎಂದು ಈಗ ಬರೆಯುತ್ತಿದ್ದೇನೆ. ಆಗ ಅವ್ವ "ಅಂವ ನಿಲ್ಲಲಿಲ್ಲ" ಅನ್ನುತ್ತಿದ್ದಳು, ನಮ್ಮೂರ ಹಾದಿಯಲ್ಲಿ ಬಸ್ಸು ನಿಲ್ಲದೆ ಹೋದ ಹಾಗೆ. ಇಂಥ ಮನೆಯಲ್ಲಿ ಕೂತು ಅಪ್ಪ ಹುಡುಗರಿಗೆ 'ಏನೂ ಇಲ್ಲ' ಎಂಬುದನ್ನು ಕಲಿಸಬೇಕಾಗಿ ಬಂತು.

ಅಪ್ಪ ನಮ್ಮೂರು ಸವಡಿಯ ಶಾಲೆಯ ಮಾಸ್ತರ. ಶಾಲೆಗೆ ತನ್ನದೇ ಕಟ್ಟಡ ಇತ್ತು. ಒಂದು ಮಳೆಗಾಲದಲ್ಲಿ ಅದರ ಮಣ್ಣಿನ ಮಾಳಿಗೆ ಕುಸಿಯಿತು. ಹೊಸದು ಕಟ್ಟುವ ತನಕ ಇರಲಿ ಎಂದು ಊರ ಹಿರಿಯರು ಶಾಲೆಯನ್ನು ನಮ್ಮ ಮನೆಯ ಪಡಸಾಲೆಗೆ ತಂದು ಹಾಕಿದರು. ಹೊಸದನ್ನು ಯಾರೂ ಕಟ್ಟಲಿಲ್ಲ. ಮೂಲೆಯಲ್ಲಿದ್ದ ಜೋಳದ ಚೀಲಗಳನ್ನು ಒಳಗಿನ ಕತ್ತಲೆ ಕೋಣೆಗೆ ಸರಿಸಿ, ಗೋಡೆಗೆ ಕರಿಹಲಗೆ ಒರಗಿಸಿ, ನೆಲಕ್ಕೆ ಗೋಣಿತಟ್ಟು ಹಾಸಿದರೆ ಅದೇ ಶಾಲೆ. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬಿಸಿಲಿನ ಚೌಕ ಕರಿಹಲಗೆಯ ಬುಡಕ್ಕೆ ಬಂದಾಗ ಊಟದ ಬಿಡುವು. ಪಡಸಾಲೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಅದಕ್ಕೆ ಕದವಿಲ್ಲದ ಬಾಗಿಲು. ಈ ಕಡೆ ನಾವು "ಎರಡೊಂದ್ಲೆ ಎರಡು, ಎರಡೆರಡ್ಲೆ ನಾಕು" ಎಂದು ಕೂಗುತ್ತಿದ್ದರೆ ಆ ಕಡೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮಗ್ಗಿ ತಪ್ಪಿದಾಗ ರೊಟ್ಟಿಯ ಸದ್ದೂ ತಪ್ಪುತ್ತಿತ್ತು. ನಮ್ಮನ್ನು ಕೇಳಿ ಅವ್ವನಿಗೆ ಮಗ್ಗಿಯೆಲ್ಲ ಬರುತ್ತಿತ್ತು, ಅವಳನ್ನು ಕೇಳಿ ನಮಗೆ ಅಡುಗೆಮನೆಯ ಮಾತೆಲ್ಲ ಬರುತ್ತಿತ್ತು. ಅಪ್ಪನಿಗೆ ಕಷ್ಟವಾದದ್ದು ಈ ಎರಡನೆಯದು.

ಶಾಲೆ ಇದ್ದದ್ದು ನಾಲ್ಕನೇ ಇಯತ್ತೆಯ ತನಕ. ತರಗತಿಗೆ ನಮ್ಮ ಕಡೆ ಆಗ ಇಯತ್ತೆ ಅನ್ನುತ್ತಿದ್ದರು. ನಾಲ್ಕು ಮುಗಿಸಿದ ಗಂಡುಹುಡುಗರಲ್ಲಿ ಛಲ ಇದ್ದವರು ರೋಣಕ್ಕೆ ನಡೆದು ಹೋಗುತ್ತಿದ್ದರು. ಹೆಣ್ಣುಹುಡುಗಿಯರು ಹತ್ತಿ ಬಿಡಿಸಲು ಹೊಲಕ್ಕೆ ಹೋಗುತ್ತಿದ್ದರು. ನನಗಾದರೆ ನರಗುಂದದಲ್ಲಿ ಸೋದರಮಾವನ ಮನೆ ಇತ್ತು. ಕಾಳಿನ ವ್ಯಾಪಾರ, ಗುಡ್ಡದ ಬುಡದಲ್ಲಿ ದೊಡ್ಡ ಮನೆ, ಹತ್ತಿರವೇ ಶಾಲೆ. ನೀಲವ್ವನಿಗೆ ಅದೂ ಇರಲಿಲ್ಲ. ನೀಲವ್ವ ನಮ್ಮ ಹಿಂದಿನ ಮನೆಯವಳು, ನನ್ನ ಜೊತೆ ನಾಲ್ಕನೆಯದರಲ್ಲಿ ಕೂರುತ್ತಿದ್ದಳು, ನನ್ನ ಗೆಳತಿ. ಲೆಕ್ಕದಲ್ಲಿ ಅವಳ ಮುಂದೆ ನಾನು ಏನೇನೂ ಅಲ್ಲ. ಇದನ್ನು ಅಪ್ಪ ನನ್ನ ಎದುರಿಗೇ ಎಲ್ಲರಿಗೂ ಹೇಳುತ್ತಿದ್ದ, ನನಗೆ ಉರಿಯುತ್ತಿತ್ತು. ಅವಳ ಅಪ್ಪ ಒಕ್ಕಲುತನದ ಮನುಷ್ಯ, ಮಾತು ಕಡಿಮೆ. ಒಮ್ಮೆ ಕಟ್ಟೆಯ ಮೇಲೆ ಕೂತು ಅಪ್ಪನಿಗೆ ಖಂಡಿತವಾಗಿ ಹೇಳಿದ:

"ಐದನೇತ್ತ ಇಲ್ಲೇ ಬಂತಂದ್ರ ಕಲೀಲಿ, ಮಾಸ್ತರ್ರ. ನಾ ಬ್ಯಾಡ ಅನ್ನೂದಿಲ್ಲ. ರೋಣಕ್ಕ ಮಾತ್ರ ಕಳಸೂದಿಲ್ಲ."

ಐದನೇ ಇಯತ್ತೆ ಬೇಕೆಂದು ಅಪ್ಪ ಮೇಲಿನವರನ್ನು ಕೇಳಿಕೊಂಡಿದ್ದ. ಶಾಲೆ ತಪಾಸಣೆಗೆ ಬರುವ ಡೆಪ್ಯುಟಿ ಸಾಹೇಬರು ನಾಲ್ಕನೆಯವರ ಲೆಕ್ಕ ನೋಡಿ ನಿರ್ಧಾರ ಮಾಡುತ್ತಾರೆ ಎಂದು ಉತ್ತರ ಬಂದಿತ್ತು. ಲೆಕ್ಕ ಚೆನ್ನಾಗಿದ್ದರೆ ಐದನೆಯದು ಬರುತ್ತದೆ, ಬಂದರೆ ನೀಲವ್ವ ಓದುತ್ತಾಳೆ, ಬಾರದಿದ್ದರೆ ಹತ್ತಿಹೊಲ ಮತ್ತು ಮದುವೆ. ಆ ವರ್ಷ ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಇಷ್ಟರ ಸಲುವಾಗಿ.

ಅಪ್ಪನಿಗೆ ಒಂದು ಹುಚ್ಚಿತ್ತು. ಬಾಯಿಪಾಠ ಅವನಿಗೆ ಆಗುತ್ತಿರಲಿಲ್ಲ. "ಬರ್ತೈತಿ ಅನ್ನೂದು ಬ್ಯಾರೆ, ತಿಳದೈತಿ ಅನ್ನೂದು ಬ್ಯಾರೆ" ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದ. ಕೂಡುವುದು, ಕಳೆಯುವುದು ಎಲ್ಲ ನಮಗೆ ತಿಳಿದಿತ್ತು. ತೊಡಕಾದದ್ದು ಸೊನ್ನೆ. ನಮ್ಮ ಭಾಗದಲ್ಲಿ ಸೊನ್ನೆಗೆ ಪೂಜ್ಯ ಅನ್ನುತ್ತಿದ್ದರು. ಯಾಕೆ ಹಾಗೆ ಅಂತ ಅಪ್ಪನಿಗೂ ಗೊತ್ತಿರಲಿಲ್ಲ, ಅವನ ಮಾಸ್ತರರೂ ಹೇಳಿರಲಿಲ್ಲ. ಒಂದು ದಿನ ಐದು ಹುಣಸೆಬೀಜ ಅಂಗೈಯಲ್ಲಿಟ್ಟು ನಮಗೆಲ್ಲ ತೋರಿಸಿದ. ಒಂದೊಂದಾಗಿ ಐದನ್ನೂ ತೆಗೆದ. ಬರಿಗೈ ಮುಂದೆ ಚಾಚಿ ಕೇಳಿದ:

"ಈಗ ಇಲ್ಲಿ ಏನೈತಿ?"

"ಕೈ ಐತ್ರಿ" ಎಂದೆವು ಒಟ್ಟಿಗೆ.

"ಕೈ ಬಿಡ್ರಲೇ. ಕೈಯಾಗ ಏನೈತಿ?"

"ಗೆರಿ ಅದಾವ್ರಿ."

ಅಪ್ಪ ಕೈ ಮಡಚಿಕೊಂಡ. ಒಳಗೆ ಹೋಗಿ ಒಂದು ಬರಿದಾದ ಮಣ್ಣಿನ ಮಗಿ ತಂದು ನಡುವೆ ಇಟ್ಟ. ಇದರೊಳಗೆ ಏನಿದೆ ಎಂದು ಕೇಳಿದ. ಗೌಡರ ಪೈಕಿ ಹನಮಪ್ಪ ಎಂಬ ಹುಡುಗ ಎದ್ದು ನಿಂತು, "ಗಾಳಿ ಐತ್ರಿ. ಹ್ವಾದ ವಾರ ನೀವ ಹೇಳಿದ್ರಿ, ಎಲ್ಲಾ ಕಡೆ ಗಾಳಿ ಇರ್ತೈತಿ ಅಂತ" ಎಂದ. ಅದು ನಿಜವೇ ಆಗಿತ್ತು. ವಿಜ್ಞಾನದ ಪಾಠವನ್ನೂ ಅಪ್ಪನೇ ಮಾಡಿದ್ದ. ಅದೇ ಹನಮಪ್ಪ ಮುಂದಿನ ವಾರ ಇನ್ನೊಂದು ಪರಾಕ್ರಮ ಮಾಡಿದ. ಊರಿಂದ ಹೊರಗಿರುವ ಮಗ ತಂದೆಗೆ ಪತ್ರ ಹೇಗೆ ಬರೆಯಬೇಕು ಎಂಬ ಪಾಠ ನಡೆದಿತ್ತು. ಎಲ್ಲರೂ ಪಾಟಿಯ ಮೇಲೆ 'ಪೂಜ್ಯ ತಂದೆಯವರಿಗೆ' ಎಂದು ಬರೆಯುತ್ತಿದ್ದರೆ ಹನಮಪ್ಪ '೦ ತಂದೆಯವರಿಗೆ' ಎಂದು ಬರೆದು, ಕೆಳಗೆ ಸಾಷ್ಟಾಂಗ ನಮಸ್ಕಾರ ಹಾಕಿದ್ದ. ಅಪ್ಪ ಆ ಪಾಟಿಯನ್ನು ಕೈಯಲ್ಲಿ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವ್ವನಿಗೂ ತೋರಿಸಿ ಬಂದ. ಆ ದಿನ ಮತ್ತೆ ಪಾಠ ನಡೆಯಲಿಲ್ಲ. ಸಾಹೇಬರು ಬರುವ ಹೊತ್ತಿಗೆ ನಮಗೆ ಪೂಜ್ಯ ತಿಳಿಯದೇ ಹೋದೀತು ಎಂಬ ಹೆದರಿಕೆ ಅವನಿಗೆ ಹತ್ತಿತ್ತು ಎಂದು ನನಗೆ ಆಗ ಗೊತ್ತಾಗಲಿಲ್ಲ.

ಜಗಳ ಆದದ್ದು ಅದಾದ ಸ್ವಲ್ಪ ದಿನಕ್ಕೆ. ಕೈಯಿಂದ ಆಗಲಿಲ್ಲ, ಮಗಿಯಿಂದ ಆಗಲಿಲ್ಲ, ಇನ್ನು ಹುಡುಗರಿಗೆ ಮನೆಯ ದನಕರುಗಳಿಂದಲೇ ಹೇಳಿ ನೋಡೋಣ ಎಂದುಕೊಂಡ ಅಪ್ಪ, "ಕೊಟಗ್ಯಾಗ ಮೂರ ಎಮ್ಮಿ ಕಟ್ಟಿದ್ದಿ. ಮೂರೂ ಸತ್ತವು. ಎಷ್ಟ ಉಳದವು?" ಎಂದು ಕೇಳಿದ. ಯಾರೂ ಉತ್ತರ ಕೊಡುವ ಮೊದಲೇ ಗೋಡೆಯ ಆಚೆ ರೊಟ್ಟಿಯ ಸದ್ದು ನಿಂತಿತು. ಸಂಜೆ ಹುಡುಗರು ಹೋದ ಮೇಲೆ ಆಯಿ ಬಂದು ಪಡಸಾಲೆಯಲ್ಲಿ ಕೂತಳು. ಅವಳು ಪಡಸಾಲೆಗೆ ಬಂದು ಕೂರುವುದು ಪಂಚಾಯ್ತಿ ಇದ್ದಾಗ ಮಾತ್ರ.

"ಮುಂಜಾನಿಂದ ಸಂಜಿತನಕ ಕೂಸುಗೋಳ ಕಡೆ ಇಲ್ಲ ಇಲ್ಲ ಅನ್ನಸ್ತಿಯಲ್ಲೋ. ಇದು ಮನಿ ಐತೋ ಏನ ಸುಡಗಾಡ ಐತೋ? ಅಸ್ತು ಅನ್ನೂ ದೇವತಿಗೋಳು ತಿರಗ್ತಿರ್ತಾವು."

"ಯವ್ವಾ, ಅದು ಲೆಕ್ಕ. ಅಂದಕೂಡ್ಲೆ ಎಮ್ಮಿ ಸಾಯೂದಿಲ್ಲ."

"ಲೆಕ್ಕ ಇದ್ರ ಹುಣಸಿಬೀಜ ಕಳಿ. ಕಲ್ಲ ಕಳಿ. ಜೀವ ಇದ್ದದ್ದನ್ನ ಯಾಕ ಕಳೀತಿ?"

ಅಪ್ಪ ಆಯಿಯ ಜೊತೆ ವಾದ ಮಾಡಬಲ್ಲವನಾಗಿದ್ದ, ಮಾಡುತ್ತಲೂ ಇದ್ದ. ಆದರೆ ಅಷ್ಟರಲ್ಲಿ ಅವ್ವ ಬಾಗಿಲಲ್ಲಿ ಬಂದು ನಿಂತಳು. ಕೈಗೆಲ್ಲ ಹಿಟ್ಟು. ಅವಳು ಅಪ್ಪನ ಪಾಠದ ಬಗ್ಗೆ ಅಲ್ಲಿಯವರೆಗೆ ಒಂದು ಮಾತೂ ಆಡಿದವಳಲ್ಲ.

"ಏನರೆ ಕಳೀರಿ. ದನಾ ಕಳೀಬ್ಯಾಡ್ರಿ, ಮನಶ್ಯಾರ್ನ ಕಳೀಬ್ಯಾಡ್ರಿ. ನಾ ಒಮ್ಮೆ ಕಳಕೊಂಡೇನಿ. ಸಾಕು."

ಅಪ್ಪ ಒಪ್ಪಿಕೊಂಡ. ಒಪ್ಪಿಕೊಳ್ಳದೆ ಏನು ಮಾಡುತ್ತಿದ್ದ? ಅಂದಿನಿಂದ ನಮ್ಮ ಮನೆಯ ಶಾಲೆಯಲ್ಲಿ ಜೀವ ಇದ್ದ ಯಾವುದನ್ನೂ ಕಳೆಯಲಿಲ್ಲ. ಎಮ್ಮೆಗಳನ್ನು ಕೂಡಬಹುದಿತ್ತು, ಗುಣಿಸಬಹುದಿತ್ತು, ಎಷ್ಟು ಬೇಕಾದರೂ. ಕಳೆಯುವ ಲೆಕ್ಕ ಬಂದರೆ ಬದನೆಕಾಯಿ, ಶೇಂಗಾ, ಗಜೇಂದ್ರಗಡದ ಸಂತೆಯಿಂದ ತಂದ ಪಾಟಿಗಳು. ಹುಡುಗರಿಗೆ ಇದು ವಿಚಿತ್ರ ಅನಿಸಲಿಲ್ಲ, ಅವರ ಮನೆಗಳಲ್ಲೂ ಇದೇ ಕಾಯಿದೆ. ಅಪ್ಪನಿಗೆ ಮಾತ್ರ ತನ್ನ ಕೈಯ ಒಂದು ಬೆರಳು ಕಟ್ಟಿಹಾಕಿದ ಹಾಗೆ ಆಗಿರಬೇಕು.

ಆದರೂ ಒಂದು ದಿನ ಪೂಜ್ಯವನ್ನು ತಿಳಿಸುವ ದಾರಿ ಸಿಕ್ಕಿತು. ನನ್ನ ಬಾಲ್ಯದಲ್ಲಿ ಅಪ್ಪ ಪೂರ್ತಿ ಸಂತೋಷವಾಗಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ ಇರಬೇಕು. ಸಗಣಿ ಸಾರಿಸಿದ ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಚೌಕ ಬರೆದು, ಇದು ನೂರರ ಮನಿ, ಇದು ಹತ್ತರ ಮನಿ, ಇದು ಬಿಡಿ ಮನಿ ಎಂದ. ನೂರರ ಮನೆಯಲ್ಲಿ ಮೂರು ಬೀಜ, ಬಿಡಿಯ ಮನೆಯಲ್ಲಿ ಐದು ಬೀಜ ಇಟ್ಟ. ಹತ್ತರ ಮನೆ ಹಾಗೇ ಬಿಟ್ಟ. ಈ ಸಂಖ್ಯೆ ಬರೆಯಿರಿ ಎಂದರೆ ಎಲ್ಲರೂ ಮೂವತ್ತೈದು ಬರೆದೆವು, ನಾನೂ ಬರೆದೆ. ನೀಲವ್ವ ಬರೆಯಲಿಲ್ಲ. ಚೌಕಗಳನ್ನೇ ನೋಡುತ್ತಾ ಕೂತಿದ್ದಳು.

"ಯಾಕ, ನೀಲವ್ವಾ?"

"ನಡಕಿನ ಮನ್ಯಾಗ ಯಾರೂ ಇಲ್ರಿ."

"ಇಲ್ಲ. ಅದಕ್ಕ?"

"ಖಾಲಿ ಮನಿಗೆ ಕೀಲಿ ಹಾಕಬೇಕ್ರಿ. ಪೂಜ್ಯ ಅಂದ್ರ ಕೀಲಿರಿ."

ಅಪ್ಪ ನೆಲದ ಮೇಲೆ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಕೀಲಿ ಹಾಕಲಿಲ್ಲಂದ್ರ?"

"ಬಾಜೂ ಮನಿಯವ್ರು ಒಳಗ ಸರೀತಾರ್ರಿ. ಆ ನೂರರಾಗಿನ ಮೂರು ಹತ್ತರ ಮನಿಗೆ ಬಂದು ಕುಂಡ್ರತೈತಿ. ಮೂವತ್ತಾಕೈತಿ. ಲುಕ್ಸಾನ್ರಿ."

"ಮತ್ತ ಮನ್ಯಾಗ ಯಾರೂ ಇಲ್ಲಂದ್ರ ಮನೀನ ಇಲ್ಲಂತೇನ?"

"ಮನಿ ಐತ್ರಿ. ಮಂದಿ ಇಲ್ಲ."

ಎಷ್ಟು ಸಲೀಸಾಗಿ ಅವಳು 'ಇಲ್ಲ' ಅಂದಳು ಎಂದರೆ ನಾನು ಅಡುಗೆಮನೆಯ ಕಡೆ ತಿರುಗಿ ನೋಡಿದೆ. ಅಪ್ಪ ಎದ್ದು ಒಳಗೆ ಓಡಿದ. ಹುಡುಗಿಗೆ ಒಂದು ಚೂರು ಬೆಲ್ಲ ಕೊಡು ಎಂದು ಅವ್ವನನ್ನು ಕೇಳಿದ. "ಬೆಲ್ಲ ಹೆಚ್ಚೇತ್ರಿ" ಎಂದಳು ಅವ್ವ. ಕೊನೆಗೆ ಒಂದು ಬೊಗಸೆ ಶೇಂಗಾ ತಂದು ನೀಲವ್ವನ ಮಡಿಲಿಗೆ ಸುರಿದ. ಆ ವಾರವೆಲ್ಲ ಊರಲ್ಲಿ ಸಿಕ್ಕಸಿಕ್ಕವರಿಗೆ ಕೀಲಿಯ ಸುದ್ದಿ ಹೇಳಿದ. ಅವರಿಗೆ ಇದರಲ್ಲಿ ಹಿಗ್ಗುವಂಥದ್ದು ಏನಿದೆ ಅಂತ ತಿಳಿಯದಿದ್ದರೂ ಮಾಸ್ತರರ ಮೋರೆ ನೋಡಿ ಅವರೂ ಹಿಗ್ಗಿದರು. ನೀಲವ್ವ ತನಗೆ ತಿಳಿದದ್ದನ್ನು ಹನಮಪ್ಪನಿಗೂ ನನಗೂ ತಿಳಿಸಿಕೊಟ್ಟಳು. ಕೀಲಿ ಎಂದ ಕೂಡಲೇ ನಮಗೆ ಎಲ್ಲ ಹೊಳೆಯುತ್ತಿತ್ತು. ಪೂಜ್ಯ ಇದ್ದಲ್ಲಿ ಬಾಜೂ ಮನೆಯಿಂದ ದಸ್ತು, ಅಂದರೆ ಸಾಲ, ತಂದು ಕಳೆಯುವುದೂ ಬಂತು. ಐದನೇ ಇಯತ್ತೆ ನಮ್ಮ ಮನೆಯ ಹೊಸ್ತಿಲ ತನಕ ಬಂದು ನಿಂತಿದೆ ಅಂತಲೇ ಅಪ್ಪ ತಿಳಿದ.

ಡೆಪ್ಯುಟಿ ಸಾಹೇಬರು ರೋಣದಿಂದ ಚಕ್ಕಡಿಯಲ್ಲಿ ಬಂದರು. ಕರಿ ಕೋಟು, ಕೈಯಲ್ಲಿ ಕೊಡೆ, ತೆಳ್ಳಗಿನ ಮನುಷ್ಯ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಧಾರವಾಡದ ಕಡೆಯ ನುಡಿ, ಮೆತ್ತಗಿನ ದನಿ. ನಸುಕಿನಲ್ಲೇ ಎದ್ದು ಅವ್ವ ನೆಲ ಸಾರಿಸಿ ಹೋಳಿಗೆಗೆ ಹೂರಣ ರುಬ್ಬಿದ್ದಳು. ಪಡಸಾಲೆಯ ತುಂಬ ಏಲಕ್ಕಿಯ ವಾಸನೆ, ಅದರ ನಡುವೆ ನಾವು ಎಣ್ಣೆ ಹಚ್ಚಿದ ತಲೆಗಳನ್ನು ಇಟ್ಟುಕೊಂಡು ಕೂತಿದ್ದೆವು. ಸಾಹೇಬರು ಕರಿಹಲಗೆಯ ಮೇಲೆ ಲೆಕ್ಕ ಕೊಟ್ಟರು. ಎಲ್ಲರ ಪಾಟಿಯಲ್ಲೂ ಉತ್ತರ ಸರಿ. ಐದರಲ್ಲಿ ಐದು ಕಳೆದರೆ? ಪೂಜ್ಯ. ಐದು ಪೂಜ್ಯಲೆ? ಪೂಜ್ಯ. ಅಪ್ಪನ ಮೋರೆ ಅರಳುತ್ತಿತ್ತು. ಆಗ ಸಾಹೇಬರು ಅಪ್ಪನ ಮಾತನ್ನೇ ಅಪ್ಪನಿಗೆ ಹೇಳಿದರು:

"ಇದು ಬಾಯಿಪಾಠ ಇದ್ದೀತು, ಮಾಸ್ತರ. ತಿಳದದೋ ಇಲ್ಲೋ ನೋಡೋಣು."

ಹುಡುಗರಲ್ಲಿ ಯಾರು ಜಾಣರು ಎಂದು ಕೇಳಿದರು. ಅಪ್ಪ ನೀಲವ್ವನನ್ನು ಎಬ್ಬಿಸಿ ನಿಲ್ಲಿಸಿದ. ಎಬ್ಬಿಸಿದ್ದು ತಾನೇ ಎಂಬುದು ಅವನಿಗೆ ಕಡೆಯ ತನಕ ಚುಚ್ಚುತ್ತಿತ್ತು.

"ನಿನಗ ಅಣ್ಣತಮ್ಮಂದ್ರು ಎಷ್ಟ ಮಂದಿ, ತಂಗಿ?"

"ಇಬ್ರು ತಮ್ಮಂದ್ರು ಅದಾರ್ರಿ."

"ಇಬ್ರೊಳಗ ಇಬ್ರೂ ಹೋದ್ರು. ಎಷ್ಟ ಮಂದಿ ಉಳದ್ರು?"

"ಎಲ್ಲಿಗೆ ಹೋದ್ರೀ? ಹೊಲಕ್ಕೇನ್ರಿ?"

"ಹೊಲಕ್ಕಲ್ಲ. ಹೋದ್ರು ಅಂದ್ರ ಹೋದ್ರು. ಇನ್ನ ಇಲ್ಲ. ಎಷ್ಟ ಉಳದ್ರು?"

ನಾನು ನೀಲವ್ವನ ಪಕ್ಕದಲ್ಲೇ ಕೂತಿದ್ದೆ. ಅವಳು 'ತಿಳಿಯಲಿಲ್ಲ' ಅನ್ನಬಹುದಿತ್ತು. ಅಳಬಹುದಿತ್ತು. ಅವಳು ಸಾಹೇಬರ ಮುಖವನ್ನೇ ನೇರ ನೋಡಿ ಹೇಳಿದಳು:

"ಬಿಡ್ತ ಅನ್ರಿ."

ಕೆಟ್ಟ ಮಾತು ಬಾಯಿಂದ ಬಿದ್ದರೆ ಅದು ಯಾರಿಗೂ ತಟ್ಟದಿರಲಿ ಎಂದು ಆಡಿದವರು ಆಗಲೇ 'ಬಿಡ್ತು' ಅನ್ನಬೇಕು. ಆಡಿದವರು ಮರೆತರೆ ಕೇಳಿದವರು ನೆನಪಿಸಬೇಕು. ನಮ್ಮಲ್ಲಿ ಮಾತು ಬಲ್ಲ ಮಕ್ಕಳಿಗೆಲ್ಲ ಇದು ಬರುತ್ತಿತ್ತು. ಸಾಹೇಬರು ಕೇಳದವರಂತೆ ನಿಂತರು. ಹನಮಪ್ಪ ಕೂತಲ್ಲಿಂದಲೇ "ಬಿಡ್ತ ಅನ್ರಿ ಸಾಹೇಬ್ರ" ಅಂದ. ಹಿಂದಿನ ಸಾಲಿನ ಸಣ್ಣವರು ಅದನ್ನೇ ಮಗ್ಗಿಯ ಹಾಗೆ ರಾಗವಾಗಿ ಅನ್ನತೊಡಗಿದರು. ಅದು ಸಾಲದೆಂಬಂತೆ ಗೋಡೆಯ ಆಚೆಯಿಂದ ಆಯಿಯ ಗಂಟಲು, "ದೊಡ್ಡ ಮನಶ್ಯಾರು ಇದ್ದೀರಿ, ಬಿಡ್ತ ಅನ್ರೆಪಾ!" ಸಾಹೇಬರ ಮೋರೆ ಕೆಂಪಾಯಿತು. ಅವರ ಮನೆಯಲ್ಲೂ ರಾತ್ರಿ ದೀಪ ದೊಡ್ಡದು ಮಾಡುತ್ತಿದ್ದಿರಬೇಕು, ಅವರ ತಾಯಿಯೂ ಜೋಳವನ್ನು ಲಾಭದಿಂದಲೇ ಅಳೆದಿರಬೇಕು. ಆದರೆ ಅವರು ಕೋಟು ಹಾಕಿಕೊಂಡು ಬಂದಿದ್ದರು. ಮಕ್ಕಳ ಮಾತಿಗೆ ಬಿಡ್ತು ಅಂದರೆ ತಪಾಸಣೆ ಏನಾಗಬೇಕು? ಅವರು ಅಪ್ಪನ ಕಡೆ ತಿರುಗಿದರು.

"ನೀವರೆ ಹೇಳ್ರಿ, ಮಾಸ್ತರ. ಇಬ್ರೊಳಗ ಇಬ್ರೂ ಹೋದ್ರ ಎಷ್ಟು?"

ವರ್ಷವೆಲ್ಲ ಅಪ್ಪ ನಮಗೆ ಹೇಳಿಕೊಟ್ಟದ್ದು ಒಂದೇ, ಮಾತು ಬೇರೆ, ಬದುಕು ಬೇರೆ, ಅಂದ ಮಾತ್ರಕ್ಕೆ ಯಾವುದೂ ಆಗುವುದಿಲ್ಲ. ಅದು ನಿಜವಾದರೆ ಅವನು ಹೇಳಲೇಬೇಕು. ಹೇಳಿದರೆ ಸಾಹೇಬರು ಮೆಚ್ಚಬಹುದು, ಐದನೆಯದು ಬರಬಹುದು, ನೀಲವ್ವ ಓದಬಹುದು. ಅಪ್ಪ ಅವಳ ಕಡೆ ನೋಡಿದ. ಅವಳು ಬೇಡ ಎಂದು ತಲೆಯಾಡಿಸಿದಳು. ಅಪ್ಪ ಕರಿಹಲಗೆಯ ಕಡೆ ಮುಖ ಮಾಡಿ ಹೇಳಿದ:

"ಪೂಜ್ಯ ರೀ, ಸಾಹೇಬ್ರ."

"ನೋಡ್ರಿ. ನಿಮಗ ತಿಳದದ. ಹುಡುಗೂರಿಗೆ ತಿಳದಿಲ್ಲ. ಐದನೇ ಇಯತ್ತೆ ಹುಡುಗೂರ ಸಲುವಾಗಿ ಕೊಡೂದು, ನಿಮ್ಮ ಸಲುವಾಗಿ ಅಲ್ಲ. ಮುಂದಿನ ವರ್ಷ ನೋಡೋಣಂತ."

ಆಮೇಲೆ ಕೈಕಾಲು ತೊಳೆದು ಊಟಕ್ಕೆ ಕೂತರು. ಹೋಳಿಗೆ ಚೆನ್ನಾಗಿದೆ ಎಂದರು, ಕಟ್ಟಿನ ಸಾರನ್ನು ಎರಡು ಸಲ ಹಾಕಿಸಿಕೊಂಡರು. ಅಪ್ಪ ಅವರ ಜೊತೆ ಕೂತು ತಾನೂ ಉಂಡ. ಅವ್ವ ಬಡಿಸಿದಳು. ಅಪ್ಪನ ತಾಟಿಗೆ ತುಪ್ಪ ಹಾಕುವುದನ್ನು ಅವಳು ಮರೆತಳೋ ಬಿಟ್ಟಳೋ ನನಗೆ ಗೊತ್ತಿಲ್ಲ, ಅಪ್ಪನೂ ಕೇಳಲಿಲ್ಲ.

ಮರುದಿನ ಮುಂಜಾನೆ ಶಾಲೆ ತುಂಬಿದ ಮೇಲೆ ನೀಲವ್ವನ ತಾಯಿ ಗಂಗವ್ವ ಬಂದು ಹೊಸ್ತಿಲಾಚೆ ನಿಂತಳು. ಎರಡೂ ಕೈಯಲ್ಲಿ ಇಬ್ಬರು ಗಂಡುಮಕ್ಕಳು. ಜಗಳಕ್ಕೆ ಬಂದಿರಲಿಲ್ಲ. ಜಗಳವಾಡಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದ.

"ಮಾಸ್ತರ್ರ, ನೀವು ಬೇಕಂತ ಅಂದಿಲ್ಲ, ನಮಗ ಗೊತ್ತೈತ್ರಿ. ಸಾಹೇಬ್ರು ಕೇಳಿದ್ರು, ಅಂದ್ರಿ. ಈ ಹುಡುಗೂರ ಮುಂದ ಒಮ್ಮೆ ಬಿಡ್ತ ಅನ್ರಿ. ಅಷ್ಟ ಸಾಕು."

"ಗಂಗವ್ವಾ, ಅದು ಲೆಕ್ಕದಾಗಿನ ಮಾತವಾ. ಅಂದ್ರ ಏನೂ ಆಗೂದಿಲ್ಲ."

"ಏನೂ ಆಗೂದಿಲ್ಲಂದ್ರ ಬಿಡ್ತ ಅನ್ನಾಕ ಏನ ತ್ರಾಸರಿ?"

ನಾನು ಮುಂದೆ ನನ್ನ ಆಯುಷ್ಯವೆಲ್ಲ ಶಾಲೆಗಳಲ್ಲಿ ಗಣಿತ ಕಲಿಸಿದವಳು, ಈ ಲೆಕ್ಕವನ್ನು ಇಂದಿಗೂ ಬಿಡಿಸಿಲ್ಲ. ಆ ಇಬ್ಬರು ಹುಡುಗರು ಮೂಗು ಸೋರಿಸುತ್ತಾ ಅಪ್ಪನನ್ನೇ ನೋಡುತ್ತಿದ್ದರು. ನಾವೆಲ್ಲ ನೋಡುತ್ತಿದ್ದೆವು. ಅಪ್ಪ "ಬಿಡ್ತು" ಅಂದ. ಗಂಗವ್ವ ಇನ್ನೊಮ್ಮೆ ಅನ್ನಿರಿ ಎಂಬಂತೆ ಸಣ್ಣವನನ್ನು ಮುಂದೆ ತಳ್ಳಿದಳು. ಅವನಿಗೂ ಅಂದ. ಅವಳು ಬಾಗಿ ಹೊಸ್ತಿಲಿಗೆ ಕೈ ಮುಟ್ಟಿಸಿ, ಕಣ್ಣಿಗೆ ಒತ್ತಿಕೊಂಡು ಹೋದಳು. ಅಡುಗೆಮನೆಯಲ್ಲಿ ಆಯಿ ದೊಡ್ಡದಾಗಿ ಉಸಿರು ಬಿಟ್ಟದ್ದು ನಮಗೂ ಕೇಳಿಸಿತು. ಎಲ್ಲರಿಗೂ ಸಮಾಧಾನವಾಗಿತ್ತು, ಅಪ್ಪ ಒಬ್ಬನನ್ನು ಬಿಟ್ಟು. ಅವನು ವರ್ಷವಿಡೀ ಕಟ್ಟಿದ್ದನ್ನು ಎರಡು ಸಲ ಬಾಯಿಬಿಟ್ಟು ತಾನೇ ಕೆಡವಿದ್ದ, ಅದೂ ಹುಡುಗರ ಎದುರಿಗೆ.

ಅಂದು ಸಂಜೆ ಹಿತ್ತಲಲ್ಲಿ ನಾನು ನೀಲವ್ವನನ್ನು ಕೇಳಿದೆ. ನನಗೆ ಅವಳ ಮೇಲೆ ಸಿಟ್ಟಿತ್ತು, ಅಪ್ಪನ ಪರವಾಗಿ.

"ನಿನಗ ಬರ್ತಿದ್ದಿಲ್ಲೇನ?"

"ಬರ್ತಿತ್ತು."

"ಮತ್ತ? ಅಂದಿದ್ರ ಐದನೇತ್ತ ಬರ್ತಿತ್ತಲ್ಲ."

"ಬರ್ತಿತ್ತು. ಆಮ್ಯಾಲ ನಮ್ಮ ತಮ್ಮಗ ಜ್ವರಾ ಬಂದ್ರ ನಾ ಏನ ಮಾಡ್ಲಿ, ಶಾಂತಾ? ಲೆಕ್ಕ ಮಾಡ್ಕೋತ ಕುಂಡ್ರಲೇನ?"

ಅವಳಿಗೆ ತಿಳಿದಿರಲಿಲ್ಲ ಎಂದು ಸಾಹೇಬರು ಬರೆದುಕೊಂಡು ಹೋಗಿದ್ದರು. ಅವಳು ಎರಡೂ ಕಡೆ ತೂಗಿ ನೋಡಿ, ಏನು ಕೈತಪ್ಪುತ್ತದೆ ಎಂದು ಪೂರ್ತಿ ತಿಳಿದೇ ಉತ್ತರ ಕೊಟ್ಟಿರಲಿಲ್ಲ. ಇದನ್ನು ನಾನು ಅಪ್ಪನಿಗೆ ಹೇಳಿದೆ. ಹೇಳಿದರೆ ಸಮಾಧಾನವಾದೀತು ಅಂದುಕೊಂಡಿದ್ದೆ. ಅವನು ಕೇಳಿ, "ಹೌದೇನ" ಎಂದು ಗೋಡೆಯ ಕಡೆ ಹೊರಳಿ ಮಲಗಿದ.

ಆಮೇಲೆ ನಮ್ಮ ಪಡಸಾಲೆಯಲ್ಲಿ ಕಲಿಕೆ ಸುಸೂತ್ರವಾಗಿ ನಡೆಯಿತು. ಅಪ್ಪ ಬಾಯಿಪಾಠಕ್ಕೆ ಇಳಿದ. ಯಾವುದು ಯಾಕೆ ಎಂದು ಯಾರನ್ನೂ ಕೇಳಲಿಲ್ಲ. "ಬರಕೊಳ್ರಿ" ಅನ್ನುತ್ತಿದ್ದ, ಬರೆದುಕೊಳ್ಳುತ್ತಿದ್ದೆವು. ಪೂಜ್ಯ ಬಂದಾಗಲೂ ಬರೆದುಕೊಳ್ಳುತ್ತಿದ್ದೆವು. ಹುಡುಗರು ಮೊದಲಿಗಿಂತ ಹೆಚ್ಚು ಅಂಕ ತೆಗೆದರು. ಮರುವರ್ಷ ಐದನೆಯದನ್ನು ಕೇಳಲು ಅವನು ಹೋಗಲೂ ಇಲ್ಲ. ಅವ್ವ ಒಂದು ದಿನ ತಾನೇ ಬಾಯಿಬಿಟ್ಟು, "ಎಮ್ಮಿ ಕಳೀರಿ ಬೇಕಾದ್ರ, ನಾ ಏನೂ ಅನ್ನೂದಿಲ್ಲ" ಎಂದಳು. ಅಪ್ಪ ನಕ್ಕು, ಅದರದೇನೂ ಜರೂರ ಇಲ್ಲ ಎಂದ. ನನ್ನನ್ನು ನರಗುಂದಕ್ಕೆ ಕಳಿಸಿದರು. ಅಲ್ಲಿ ಮಾವನ ಅಂಗಡಿಯಲ್ಲಿ ಕಾಳು ಅಳೆಯುವವನೂ ಲಾಭದಿಂದಲೇ ಶುರು ಮಾಡುತ್ತಿದ್ದ, ಶಾಲೆಯಲ್ಲಿ ಮಾಸ್ತರರು ಒಂದರಿಂದ ಶುರು ಮಾಡುತ್ತಿದ್ದರು. ಎರಡಕ್ಕೂ ಒಂದಕ್ಕೊಂದು ಸಂಬಂಧವಿದೆ ಎಂದು ಅಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ನಾನು ಶಿಕ್ಷಕಿಯಾದ ಮೇಲೆ ನಾನೂ ಕೆಡಿಸಿಕೊಳ್ಳಲಿಲ್ಲ. ತಿಳಿಸಲು ಹೋಗಿ ಅಪ್ಪ ಏನಾದ ಎಂದು ಕಂಡಿದ್ದೆ. ನನ್ನ ಶಾಲೆಯ ಮಕ್ಕಳೆಲ್ಲ ಪಾಸಾದರು, ಯಾರಿಗೂ ಏನೂ ತಿಳಿಯಲಿಲ್ಲ, ಯಾರೂ ನನ್ನನ್ನು ದೂರಲಿಲ್ಲ.

ನೀಲವ್ವನ ಮದುವೆಯನ್ನು ನಾನು ನೋಡಲಿಲ್ಲ, ಪರೀಕ್ಷೆ ಇತ್ತು. ಕೊಣ್ಣೂರಿಗೆ ಕೊಟ್ಟರು, ಹೊಳೆದಂಡೆಯ ಒಕ್ಕಲುಮನೆ. ಪಂಚಮಿಗೆ ತವರಿಗೆ ಬಂದಾಗ ನಾನೂ ರಜೆಯಲ್ಲಿ ಮನೆಯಲ್ಲಿದ್ದೆ. ಅವಳು ಒಂದು ತಾಟಿನಲ್ಲಿ ಉಂಡಿ ಮುಚ್ಚಿಕೊಂಡು, ತಲೆ ತುಂಬ ಸೆರಗು ಹೊದ್ದು, ಪಡಸಾಲೆಯ ಬಾಗಿಲಿಗೆ ಬಂದಳು. ಶಾಲೆ ಇರಲಿಲ್ಲ, ಗೋಣಿತಟ್ಟುಗಳನ್ನು ಸುತ್ತಿ ಮೂಲೆಗಿಟ್ಟಿದ್ದರು. ಅಪ್ಪ ಕಂಬಕ್ಕೆ ಒರಗಿ ಕೂತಿದ್ದವನು ಅವಳನ್ನು ನೋಡಿ ಎದ್ದು ನಿಂತ. ತನ್ನ ಕೈಯಲ್ಲಿ ಕಲಿತ ಯಾರಿಗೂ ಅವನು ಎದ್ದು ನಿಂತದ್ದನ್ನು ನಾನು ನೋಡಿರಲಿಲ್ಲ.

"ಬರ್ರಿ, ನೀಲವ್ವಾರ. ಯಾವಾಗ ಬಂದ್ರಿ?"

ಅವಳು ಹೊಸ್ತಿಲಲ್ಲೇ ನಿಂತಳು.

"ನನಗ ಯಾಕ್ರಿ 'ರಿ' ಹಚ್ತೀರಿ, ಮಾಸ್ತರ್ರ? ಮೊದಲಿನಂಗ ಬಾ ಅನ್ರಿ."

"ಹಂಗ ಹ್ಯಾಂಗ ಆಕೈತಿ? ಈಗ ನೀವು ಮಂದಿ ಮನಿ ಸೊಸಿ."

ಅಪ್ಪ ಒಳಗಿನಿಂದ ಚಾಪೆ ತಂದ, ಬೀಗರು ಬಂದಾಗ ಹಾಸುವ ಚಾಪೆ. ಅದನ್ನು ಕರಿಹಲಗೆಯ ಎದುರಿಗೆ ಹಾಸಿ, ಕೈಯಿಂದ ಒಮ್ಮೆ ಧೂಳು ಝಾಡಿಸಿ, "ಕುಂದರ್ರಿ" ಎಂದ. ನೀಲವ್ವ ತಾಟನ್ನು ಮಡಿಲಲ್ಲಿಟ್ಟುಕೊಂಡು ಚಾಪೆಯ ಅಂಚಿನಲ್ಲಿ ಕೂತಳು. ಅಪ್ಪ ಅವ್ವನಿಗೆ ಚಹಾ ಇಡಲು ಹೇಳಲೆಂದು ಒಳಗೆ ಹೋದ. ಚಹಾ ಕುಡಿದು, ಅವ್ವನ ಕೈಯಿಂದ ಕುಂಕುಮ ಹಚ್ಚಿಸಿಕೊಂಡು ಅವಳು ಹೋಗುವ ತನಕವೂ ಅವನು ಹೊರಗೆ ಬರಲಿಲ್ಲ.